ರಿಜಿಸ್ಟರ್ ಹಸಿರು, ಡಬ್ಬಿ ತುಂಬ ಕಾಂಕ್ರೀಟ್

ನಮ್ಮ ಏರ್‌ಪೋರ್ಟ್‌ನ ಅಪಾಯಗಳ ಪಟ್ಟಿ, ಅಂದ್ರೆ ಹಜಾರ್ಡ್ ರಿಜಿಸ್ಟರ್‌ನಲ್ಲಿ ವಿಮಾನ ನಿಲ್ಲಿಸೋ ಒಂದು ಬೇ ಬಗ್ಗೆ ಹಳೇ ಎಂಟ್ರಿ ಇತ್ತು. ಅಂಚಿನ ಕಾಂಕ್ರೀಟ್ ಒಡೆದು ಚೂರು ಏಳ್ತಿದೆ, ಇಂಜಿನ್ ಎಳ್ಕೊಳ್ಳಬಹುದು ಅಂತ. ನಾನು 2ಸಿ ಕೊಟ್ಟಿದ್ದೆ, ಹಳದಿ (ಅಂಕಿ ಆಗೋ ಸಂಭವಕ್ಕೆ, ಅಕ್ಷರ ಆದರೆ ಎಷ್ಟು ಹಾನಿ ಅನ್ನೋದಕ್ಕೆ). ರ‍್ಯಾಂಪ್‌ನವರಿಗೆ (ವಿಮಾನದ ಸುತ್ತ ಕೆಲಸ ಮಾಡೋರಿಗೆ) ಬ್ರೀಫಿಂಗ್ ಆಯ್ತು, 1ಸಿ ಮಾಡಿದೆ, ಹಸಿರು, ಕ್ಲೋಸ್. ಮಾತಾಡಿದ್ರೆ ಕಾಂಕ್ರೀಟ್ ಗಟ್ಟಿಯಾಗುತ್ತೆ ಅನ್ನೋ ಹಾಗೆ!

ಆ ರಾತ್ರಿ ಅದೇ ಬೇನಿಂದ ವಿಮಾನವನ್ನು ಹಿಂದಕ್ಕೆ ತಳ್ಳೋ ಪುಶ್‌ಬ್ಯಾಕ್. ವಿಮಾನ ಇನ್ನೂ ಅಂಚು ದಾಟಿರಲಿಲ್ಲ, ಎರಡನೇ ಇಂಜಿನ್ ಫ್ಯಾನ್ ತಿರುಗೋಕೆ ಶುರುವಾಗಿತ್ತು. ರೆಕ್ಕೆ ಪಕ್ಕದ ಹುಡುಗ ಎರಡೂ ವಾಂಡ್ (ಸಿಗ್ನಲ್ ಕೋಲು) ತಲೆ ಮೇಲೆ ಅಡ್ಡ ಹಿಡಿದ, ನಿಲ್ಲಿಸಿ ಅಂತ. ಹೆಡ್‌ಸೆಟ್‌ನಲ್ಲಿದ್ದವರು ಯಾಕೆ ಅಂತ ಕೇಳಲೇ ಇಲ್ಲ, ಪೈಲಟ್‌ಗೆ ಸ್ಟಾರ್ಟ್ ನಿಲ್ಲಿಸಿ ಅಂದುಬಿಟ್ಟರು. ಇಂಜಿನ್ ಮುಂದೆ ಅಂಗೈಯಗಲದ ಕಾಂಕ್ರೀಟ್ ತುಂಡು. ಎಲ್ಲರಿಗೂ ಕಾಣ್ತಿದೆ, ಆದರೆ ಫ್ಯಾನ್ ನಿಂತು ಬೀಕನ್ (ವಿಮಾನದ ಕೆಂಪು ಎಚ್ಚರಿಕೆ ದೀಪ) ಆರುವವರೆಗೆ ಯಾರೂ ಹತ್ತಿರ ಹೋಗೋ ಹಾಗಿಲ್ಲ. ಫ್ಯಾನ್ ನಿಲ್ಲೋಕೆ ಅಷ್ಟು ಹೊತ್ತು ಹಿಡಿಯುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಒಂದು ತುಂಡು ಹೊರಗಿದೆ ಸರಿ, ಇನ್ನೊಂದು ಆಗಲೇ ಒಳಗೆ ಹೋಗಿದ್ದರೆ? ಇಂಜಿನಿಯರ್ ಟಾರ್ಚ್ ಹಿಡಿದು ಒಂದೊಂದೇ ಬ್ಲೇಡ್ ಅಂಚು ಸವರಿ ನೋಡಿದರು. ಏನೂ ಆಗಿರಲಿಲ್ಲ.

ಟ್ರೈನಿಂಗ್‌ನಲ್ಲಿ ಕಾಂಕಾರ್ಡ್ ವಿಮಾನ ದುರಂತದ ಸ್ಲೈಡ್ ತೋರಿಸೋನು ನಾನೇ. 2000ದಲ್ಲಿ ಬೇರೆ ವಿಮಾನದಿಂದ ರನ್‌ವೇ ಮೇಲೆ ಬಿದ್ದಿದ್ದ ಒಂದು ಲೋಹದ ಪಟ್ಟಿ ಟೈರ್ ಸೀಳಿತು, ಕೊನೆಗೆ ಸತ್ತವರು 113 ಜನ. ಅಂಥವನು ಸಂಭವದ ಕಾಲಮ್‌ನಲ್ಲಿ 2 ಹಾಕಿದ್ದೆ. ಯಾಕಂದ್ರೆ ಆ ಬೇನಿಂದ ಆ ಒಂದು ಬಿಟ್ಟು ಬೇರೆ ರಿಪೋರ್ಟ್ ಇರಲಿಲ್ಲ. ರಿಪೋರ್ಟ್ ಇಲ್ಲ ಅಂದ್ರೆ ತೊಂದರೆ ಇಲ್ಲ, ಅಲ್ವಾ?

ಮರುದಿನ ಲೋಡರ್‌ಗಳನ್ನು ಕೇಳಿದೆ. "ಅದನ್ನೂ ರಿಪೋರ್ಟ್ ಮಾಡ್ಬೇಕಾ ಸಾರ್? ದಿನಾ ಎತ್ತಿ ಡಬ್ಬಿಗೆ ಹಾಕ್ತೀವಲ್ಲ" ಅಂದರು. ಎಫ್‌ಒಡಿ (ನೆಲದ ಮೇಲೆ ಬಿದ್ದ, ವಿಮಾನಕ್ಕೆ ಹಾನಿ ಮಾಡಬಹುದಾದ ಚೂರುಗಳ) ಡಬ್ಬಿ ತೆಗೆದು ನೋಡಿದರೆ ಅರ್ಧಕ್ಕೂ ಜಾಸ್ತಿ ಬರೀ ಕಾಂಕ್ರೀಟ್. ಅವರನ್ನು ಬೈಯೋಕೆ ಬಾಯೇ ಬರಲಿಲ್ಲ. ನಮ್ಮ ಸಾಫ್ಟ್‌ವೇರ್‌ಗೆ ಲಾಗಿನ್ ಆಗೋಕೇ ಪಾಸ್‌ವರ್ಡ್ ನೆನಪಿರಲ್ಲ, ಆದರೂ ಒಳಗೆ ಹೋದರೆ ಫಾರ್ಮ್ ಮುಗಿಯೋದೇ ಇಲ್ಲ. ಟರ್ನ್‌ಅರೌಂಡ್ (ವಿಮಾನ ಬಂದು ಮತ್ತೆ ಹೊರಡೋ ನಡುವಿನ ಹೊತ್ತು) ಮಧ್ಯೆ ಯಾರು ಕೂತು ತುಂಬ್ತಾರೆ? ಈಗ ರೇಟಿಂಗ್ ಹಾಕೋ ಮುಂಚೆ ಡಬ್ಬಿ ನೋಡ್ತೀನಿ, ಲೋಡರ್‌ಗಳ ಜೊತೆ ಸುಮ್ನೆ ಮಾತಾಡ್ತೀನಿ. ಬ್ರೀಫಿಂಗ್ ಒಂದರ ಮೇಲೆ ಯಾವುದನ್ನೂ ಕ್ಲೋಸ್ ಮಾಡಲ್ಲ.

ಬೇ ಮುಚ್ಚಿ ರಿಪೇರಿ ಮಾಡಿಸೋಕೆ ಆಪರೇಷನ್ಸ್‌ನವರು ಗೊಣಗಿಕೊಂಡೇ ಒಪ್ಪಿದರು. ಮ್ಯಾನೇಜ್‌ಮೆಂಟ್ ಕೂಡ ಕ್ರಮ ತಗೊಂಡಿದೆ: ರಿಪೋರ್ಟ್ ಫಾರ್ಮ್‌ಗೆ ಇನ್ನೊಂದು ಕಡ್ಡಾಯ ಕಾಲಮ್ ಸೇರಿಸಿದ್ದಾರೆ.