ರಷ್ಯನ್ನಾ, ಅರೇಬಿಕ್ಕಾ?

ಎರಡನ್ನೂ ಕಲಿಯುವಷ್ಟು ಸಮಯ ನನಗಿಲ್ಲ. ಇಂಧನ, ರಕ್ಷಣೆ, ವಿದೇಶಾಂಗ ನೀತಿಯ ಸುದ್ದಿಯನ್ನು ಮೂಲ ಭಾಷೆಯಲ್ಲೇ ಓದಿ ವಿಶ್ಲೇಷಣೆ ಬರೆಯುವ ಕೆಲಸಕ್ಕೆ ಹೋಗಬೇಕು ಅನ್ನೋದು ನನ್ನ ಆಸೆ. ತುಂಬಾ ಯೋಚಿಸಿ ರಷ್ಯನ್ ಹಿಡಿದಿದ್ದೇನೆ.

ಸುಮ್ನೆ ಲೆಕ್ಕ ಹಾಕಿದರೆ ಅರೇಬಿಕ್ ಕಡೆಗೇ ತೂಕ ಜಾಸ್ತಿ. ಅರಬ್ ಲೀಗ್‌ನಲ್ಲಿ 22 ದೇಶಗಳಿವೆ. ಅಲ್ಲಿ ಯುವಜನರೇ ಹೆಚ್ಚು, ರಷ್ಯಾದ ಜನಸಂಖ್ಯೆ ಇಳಿಯುತ್ತಿದೆ. ತೈಲ, ಅನಿಲ, ಸೂಯೆಜ್ ಕಾಲುವೆ, ಕೆಂಪು ಸಮುದ್ರ. ಇವುಗಳ ಮಹತ್ವ ಬೇಗ ತಗ್ಗುತ್ತದೆ ಅಂತ ನನಗನ್ನಿಸುವುದಿಲ್ಲ.

ಆದರೆ ಕಲಿಯಲು ಎಷ್ಟು ಕಾಲ ಬೇಕು ಅನ್ನೋದೂ ಮುಖ್ಯ ಅಲ್ವಾ? ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗೆ ರಷ್ಯನ್ ಕಲಿಸಲು ಸುಮಾರು 44 ವಾರ, ಅರೇಬಿಕ್‌ಗೆ 88 ವಾರ ಇಡುತ್ತದೆ. ಅದು ಇಂಗ್ಲಿಷ್ ಮಾತಾಡುವವರ ಲೆಕ್ಕ, ನಿಜ. ಆದರೂ ಅರೇಬಿಕ್‌ನಲ್ಲಿ ಎರಡು ಕೆಲಸ ಇದೆ. ಪತ್ರಿಕೆ, ಭಾಷಣ, ಕಾನೂನಿಗೆ ಶಿಷ್ಟ ಅರೇಬಿಕ್ ಆದ ಫುಸ್‌ಹಾ ಬೇಕು. ಅದನ್ನು ಕಲಿತ ಮೇಲೆ ಕೈರೋದ ಬೀದಿಗೆ ಒಂದು ಆಡುಮಾತು, ಡಮಾಸ್ಕಸ್‌ಗೆ ಇನ್ನೊಂದು. ಮೊರಾಕೊದ ಆಡುಮಾತು ದಾರಿಜಾ ಬೇರೆ ಅರಬರಿಗೇ ಕಷ್ಟ. ಮೇಲಾಗಿ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಪದ ಮೊದಲೇ ಗೊತ್ತಿದ್ದರೆ ಮಾತ್ರ ಸರಿಯಾಗಿ ಓದಬಹುದು.

ರಷ್ಯನ್‌ನಲ್ಲಿ 33 ಅಕ್ಷರ, ಆರು ವಿಭಕ್ತಿ. ವಿಭಕ್ತಿ ಅಂದರೆ ಬೇರೆಯವರು ಹೆದರುತ್ತಾರೆ, ಕನ್ನಡದವರಿಗೆ ಅದೇನೂ ಹೊಸದಲ್ಲ. ನಿಜವಾದ ಕಷ್ಟ ಕ್ರಿಯಾಪದದಲ್ಲಿ. ಬರೆಯುತ್ತಿದ್ದೆ ಅನ್ನಲು 'ಪಿಸಾತ್', ಬರೆದು ಮುಗಿಸಿದೆ ಅನ್ನಲು 'ನಪಿಸಾತ್'. ಹೆಚ್ಚಿನ ಕ್ರಿಯಾಪದಗಳಿಗೆ ಇಂಥ ಜೋಡಿ ಇದೆ. ನಡೆದು ಹೋಗುವುದಕ್ಕೂ ವಾಹನದಲ್ಲಿ ಹೋಗುವುದಕ್ಕೂ ಬೇರೆ ಪದ. ಇಲ್ಲಿ ನನಗೆ ಬೆವರಿಳಿಯುತ್ತಿದೆ, ಆದರೂ ಖುಷಿಯಾಗುತ್ತಿದೆ.

ರಷ್ಯನ್‌ನ ವ್ಯಾಪ್ತಿ ಕುಗ್ಗುತ್ತಿದೆ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. 2022ರ ನಂತರ ಉಕ್ರೇನಿನಲ್ಲಿ ಎಷ್ಟೋ ಜನ ಬೇಕೆಂದೇ ಅದನ್ನು ಬಿಟ್ಟಿದ್ದಾರೆ. ಕಜಾಕಸ್ತಾನ ತನ್ನ ಭಾಷೆಯನ್ನು ಲ್ಯಾಟಿನ್ ಲಿಪಿಗೆ ತರಲು ಹೊರಟಿದೆ. ಆದರೆ ಅಲ್ಲೂ ಕಿರ್ಗಿಸ್ತಾನದಲ್ಲೂ ರಷ್ಯನ್‌ಗೆ ಇನ್ನೂ ಅಧಿಕೃತ ಸ್ಥಾನವಿದೆ. ಮಧ್ಯ ಏಷ್ಯಾದ ಬೇರೆ ಬೇರೆ ಭಾಷೆಯವರು ಒಬ್ಬರಿಗೊಬ್ಬರು ಸಿಕ್ಕಾಗ ಇವತ್ತಿಗೂ ಹೆಚ್ಚಾಗಿ ಅದನ್ನೇ ಬಳಸುತ್ತಾರೆ. ಯುದ್ಧದ ಬಗ್ಗೆ ಕ್ರೆಮ್ಲಿನ್ ತನ್ನ ಜನರಿಗೆ ಏನು ಹೇಳುತ್ತದೆ, ಟೆಲಿಗ್ರಾಂನಲ್ಲಿ ಸೈನಿಕರ ಮನೆಯವರು ಏನು ಕೇಳುತ್ತಾರೆ ಅನ್ನೋದನ್ನು ಅನುವಾದಕ್ಕೆ ಕಾಯದೆ ನಾನೇ ಓದಬೇಕು. ಅಣ್ವಸ್ತ್ರ ಇರುವ ದೇಶವೊಂದರ ಮಾತು ಅರ್ಥವಾಗುವವರು ಕಡಿಮೆಯಾಗುವುದು ಒಳ್ಳೆಯದಲ್ಲ.

ನಿಮ್ಮ ಕೆಲಸ ಕೊಲ್ಲಿ ದೇಶಗಳಲ್ಲಿ, ಜನರ ಜೊತೆ ಕೂತು ಮಾತಾಡುವಂಥದ್ದಾದರೆ ಅರೇಬಿಕ್ಕೇ ತಗೊಳ್ಳಿ. ಯಾವ ಆಡುಮಾತು ಅನ್ನೋದನ್ನು ಮಾತ್ರ ಮೊದಲೇ ತೀರ್ಮಾನಿಸಿ.