ಗಾಳ್ಯಾಗಿನ ಗೊಬ್ಬರದ ಕಥಿ ಅಪ್ಪಗ ಹೇಳಿದ್ದು

ದಿನಾ ಮುಧೋಳದಿಂದ ಬಾಗಲಕೋಟಿಗೆ ಅಪ್ ಆ್ಯಂಡ್ ಡೌನ್ ಮಾಡ್ತೀನಿ, ಹೋಗೂದು ಬರೂದು ಸೇರಿ ಮೂರು ತಾಸು ಬಸ್ಸಿನ್ಯಾಗ ಹೋಗ್ತೈತಿ. ಮೊದಲೆಲ್ಲಾ ಲೋಕಾಪುರ ದಾಟಿದ ಮ್ಯಾಲ ಕಿಟಕಿಗೆ ತಲಿ ಆನಿಸಿ ನಿದ್ದಿ ಮಾಡ್ತಿದ್ದೆ, ಈಗ ಎರಡು ವರ್ಷ ಆತು, ಆ ಟೈಮ್ ಪೂರ್ತಿ ಆಡಿಯೋಬುಕ್ಕಿಗೆ. ಕಾದಂಬರಿ ಅಲ್ಲ. ವಿಜ್ಞಾನದ್ದು, ಮಷಿನ್ನಿನದು, ರೋಗ ಔಷಧದ್ದು, ಅವೆಲ್ಲಾ ಬಂದ ಮ್ಯಾಲ ಮಂದಿ ಬದುಕು ಹ್ಯಾಂಗ ಬದಲಾತು ಅನ್ನೋ ಪುಸ್ತಕ. ಹೆಚ್ಚಿನವು ಇಂಗ್ಲಿಷಿನ್ಯಾಗ ಇರ್ತಾವು. ಕೇಳೂದು ಬಸ್ಸಿನ್ಯಾಗ ಕೇಳ್ತೀನಿ ಖರೆ, ಆದ್ರ ಪುಸ್ತಕ ತಲಿಯೊಳಗ ಇಳಿಯೂದು ಮನಿಗೆ ಬಂದು ಅಪ್ಪಗ ಹೇಳಿದಾಗ, ಇದನ್ನ ಬರೀಬೇಕಂತ ಭಾಳ ದಿನದಿಂದ ಅನ್ಕೊಂಡಿದ್ದೆ.

ಅಪ್ಪಗ ಸಕ್ಕರಿ ಕಾಯಿಲೆ. ಕಣ್ಣಿನ ಪರದೆಗೆ ಪೆಟ್ಟು ಬಿದ್ದು ಲೇಸರ್ ಮಾಡಿಸಿದ್ವಿ, ಈಗ ಎದುರಿಗೆ ಬಂದ ಮನಷ್ಯಾನ ಆಕಾರ ಕಾಣ್ತೈತಿ, ಅಕ್ಷರ ಕಾಣೂದಿಲ್ಲ. ಪೇಪರ್ ಬಂತಂದ್ರ ಮೊದಲನೇ ಪುಟದಿಂದ ಹಿಡದು ಎಪಿಎಂಸಿ ದರದ ತನಕ ಒಂದಕ್ಷರ ಬಿಡದಂಗ ಓದ್ತಿದ್ದ ಮನಷ್ಯಾ. ಟಿವಿ ಹಚ್ಚಿ ಕೊಟ್ರ ಬರೇ ಜಗಳ ಕೇಳಿಸ್ತೈತಿ ಅಂತ ಬಂದ್ ಮಾಡಸ್ತಾನ. ಹಿಂಗಾಗಿ ಒಂದಿನ ಸಂಜಿಮುಂದ ಕಟ್ಟಿ ಮ್ಯಾಲ ಕುಂತಾಗ, ಇವತ್ತ ಬಸ್ಸಿನ್ಯಾಗ ಏನ್ ಕೇಳಿದಿ ಅಂದ, ಅವತ್ತ ಕೇಳಿದ್ದು ಯೂರಿಯಾದ ಕಥಿ.

ಯೂರಿಯಾ ಅಂದ್ರ ನಮ್ಮ ಭಾಗದಾಗ ಯಾರಿಗೆ ಗೊತ್ತಿಲ್ಲ ಹೇಳ್ರಿ. ಕಬ್ಬಿನ ನಾಡು, 50 ಕೆಜಿ ಚೀಲ 45 ಕೆಜಿ ಆದಾಗ ಅಪ್ಪ ತೂಕ ಮಾಡಿ ನೋಡಿದ್ದ. ಆ ಚೀಲದಾಗ ಶೇಕಡಾ 46 ನೈಟ್ರೋಜನ್ ಇರ್ತೈತಿ, ಅದು ಬಂದದ್ದು ಎಲ್ಲಿಂದ ಅಂದ್ರ ಗಾಳ್ಯಾಗಿಂದ. ನಾವು ಉಸಿರಾಡೋ ಗಾಳಿಯೊಳಗ ನೂರಕ್ಕ 78 ಪಾಲು ನೈಟ್ರೋಜನ್ನ ಐತಿ ಅಂದೆ. ಅಪ್ಪ ತಡದು ಕೇಳಿದ, "ಯವ್ವಾ, ಗಾಳ್ಯಾಗ ಅಷ್ಟ ಇದ್ರ ಬೆಳಿ ತಾನ ಯಾಕ ತಗೋಳೂದಿಲ್ಲ?"

ಅಲ್ಲಿಗೆ ನಾ ನಿಂತೆ. ಪುಸ್ತಕದಾಗ ಅದನ್ನ ಹೇಳಿದ್ರು, ಟ್ರಿಪಲ್ ಬಾಂಡ್ ಅಂತ, ನಾನೂ ಪಿಯುಸಿಯೊಳಗ ಕಲ್ತೀನಿ, ಆದ್ರ ಅಪ್ಪಗ ಹೇಳೂ ಮಾತು ನನ್ನ ಹಂತ್ಯಾಕ ಇರಲಿಲ್ಲ. ಸ್ವಲ್ಪ ವಿಚಾರ ಮಾಡಿ ಹೇಳಿದೆ, ಎರಡು ನೈಟ್ರೋಜನ್ ಕೂಡಿ ಮೂರು ಗಂಟು ಹಾಕ್ಕೊಂಡಿರ್ತಾವಪಾ, ಬೇರಿಗೆ ಆ ಗಂಟು ಬಿಚ್ಚಾಕ ಬರೂದಿಲ್ಲ. ಕಡ್ಲಿ, ತೊಗರಿ, ಶೇಂಗಾ ಬೇರಿನ ಗಂಟಿನೊಳಗ ಇರೂ ಸಣ್ಣ ಜೀವಿಯಂಥಾವಕ್ಕ ಬಿಚ್ಚಾಕ ಬರ್ತೈತಿ. ಅಪ್ಪ ಕೂಡ್ಲೆ ಅಂದ, "ಅದಕ್ಕ ಕಡ್ಲಿ ಹೊಲದಾಗ ಮುಂದಿನ ವರ್ಷ ಜ್ವಾಳ ಚಲೋ ಬರ್ತೈತಿ." ಹತ್ತು ತಾಸಿನ ಪುಸ್ತಕದಾಗ ನನಗ ಆಗದ ಬೆಳಕು ಆ ಒಂದು ಮಾತಿನ್ಯಾಗ ಆತು.

ಆಮ್ಯಾಲ ಪೂರ್ತಿ ಹೇಳಿದೆ. 1898ರಾಗ ವಿಲಿಯಂ ಕ್ರೂಕ್ಸ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಮುಂದ ಮಂದಿಗೆ ಗೋಧಿ ಸಾಲೂದಿಲ್ಲ, ಗಾಳ್ಯಾಗಿನ ನೈಟ್ರೋಜನ್ ಹಿಡೀರಿ ಅಂತ ಎಚ್ಚರಿಕಿ ಕೊಟ್ಟಿದ್ದ, ಆವಾಗ ಯುರೋಪಿನವರು ಚಿಲಿ ದೇಶದಿಂದ ಹಡಗಿನ್ಯಾಗ ಉಪ್ಪಿನಂಥ ಗೊಬ್ಬರ ತರಸ್ತಿದ್ರು. 1909ರಾಗ ಜರ್ಮನಿಯ ಫ್ರಿಟ್ಸ್ ಹೇಬರ್ ಭಾರೀ ಒತ್ತಡ ಹಾಕಿ, ಕಾಸಿ, ನೈಟ್ರೋಜನ್ನಿಗೆ ಹೈಡ್ರೋಜನ್ ಕೂಡಿಸಿ ಅಮೋನಿಯಾ ಹನಿ ಹನಿ ಇಳಿಸಿ ತೋರಿಸಿದ, ಯೂರಿಯಾ ಮಾಡೂದು ಈ ಅಮೋನಿಯಾದಿಂದನ. ಅದನ್ನ ಫ್ಯಾಕ್ಟರಿ ಮಟ್ಟಕ್ಕ ತಂದದ್ದು ಬಿಎಎಸ್‌ಎಫ್ ಅನ್ನೋ ಜರ್ಮನಿಯ ರಾಸಾಯನಿಕ ಕಂಪನಿಯ ಕಾರ್ಲ್ ಬಾಷ್. ನನಗ ಭಾಳ ಹಿಡಿಸಿದ್ದು ಈ ಬಾಷ್‌ನ ಭಾಗ. ಉಕ್ಕಿನ ಕೊಳವಿ ಒಂದಾದ ಮ್ಯಾಲ ಒಂದು ಒಡೀತಿದ್ವು, ಯಾಕಂದ್ರ ಆ ಕಾವು ಆ ಒತ್ತಡದಾಗ ಹೈಡ್ರೋಜನ್ ಉಕ್ಕಿನೊಳಗ ಹೊಕ್ಕು ಅದರಾಗಿನ ಕಾರ್ಬನ್ ತಿಂತಿತ್ತು, ಉಕ್ಕು ಬಿರಸ ಆಗಿ ಸೀಳ್ತಿತ್ತು. ಅಂವ ಏನ್ ಮಾಡಿದ ಅಂದ್ರ ಒಳಗ ಕಾರ್ಬನ್ ಇಲ್ಲದ ಮೆತ್ತನ ಕಬ್ಬಿಣದ ಪದರ ಹಾಕಿದ, ಹೊರಗ ಗಟ್ಟಿ ಉಕ್ಕು, ಆ ಉಕ್ಕಿಗೆ ಸಣ್ಣ ಸಣ್ಣ ತೂತು, ಒಳಗಿಂದ ಜಿನುಗಿದ ಹೈಡ್ರೋಜನ್ ತೂತಿನಿಂದ ಹೊರಗ ಹೋಗಿಬಿಡ್ತೈತಿ. ನಮ್ಮ ಕಾಕಾ ಸಕ್ಕರಿ ಫ್ಯಾಕ್ಟರಿ ಬಾಯ್ಲರ್ ಹೌಸಿನ್ಯಾಗ ಮೂವತ್ತು ವರ್ಷ ದುಡದಾವ, ಅವಂಗ ಇದನ್ನ ಹೇಳಿದಾಗ ಎದ್ದು ನಿಂತ, ಇದು ಬರೇ ಓದಿದಾವನ ಬುದ್ಧಿ ಅಲ್ಲ, ಕೈಯಾಗ ಎಣ್ಣಿ ಹತ್ತಿದಾವನ ಬುದ್ಧಿ ಅಂದ. 1913ರಾಗ ಒಪ್ಪಾವ್ ಅನ್ನೋ ಊರಾಗ ಫ್ಯಾಕ್ಟರಿ ಚಾಲೂ ಆತು. ಇವತ್ತ ಮನಷ್ಯಾರ ಮೈಯಾಗಿನ ನೈಟ್ರೋಜನ್ ಸುಮಾರು ಅರ್ಧದಷ್ಟು ಇಂಥ ಫ್ಯಾಕ್ಟರಿ ಹಾಯ್ದು ಬಂದದ್ದು ಅಂತ ಲೆಕ್ಕ ಹಾಕ್ತಾರ.

ಅದ ಹೇಬರ್ ಮೊದಲ ಮಹಾಯುದ್ಧದಾಗ, 1915ರ ಏಪ್ರಿಲ್ 22ಕ್ಕ, ಬೆಲ್ಜಿಯಂನ ಈಪ್ರ್ ಅನ್ನೋ ಊರ ಹಂತ್ಯಾಕ ಕ್ಲೋರಿನ್ ಅನ್ನೋ ವಿಷದ ಗ್ಯಾಸ್ ಬಿಡಸಿದ. ಉಸಿರುಗಟ್ಟಿ ಭಾಳ ಮಂದಿ ಸಿಪಾಯಿಗಳು ಸತ್ರು. ಹತ್ತ ದಿನಕ್ಕ ಅವನ ಹೆಂಡತಿ ಕ್ಲಾರಾ, ಆಕಿನೂ ರಸಾಯನ ಶಾಸ್ತ್ರದಾಗ ಡಾಕ್ಟರೇಟ್ ಮಾಡಿದಾಕಿ, ಗುಂಡು ಹಾರಿಸ್ಕೊಂಡು ಸತ್ತಳು. ಅಪ್ಪ ಭಾಳ ಹೊತ್ತು ಸುಮ್ನ ಕುಂತ, ಆಮ್ಯಾಲ "ಒಬ್ಬನ ಮನಷ್ಯಾನ?" ಅಂತ ಕೇಳಿದ. ಹೌದಪಾ, ಒಬ್ಬನ ಅಂದೆ. ಮರುದಿನ ಮುಂಜಾನಿ ನಾ ಬಸ್ಸಿಗೆ ಹೊಂಟಾಗ ಇನ್ನೊಂದ ಮಾತು ಹೇಳಿದ, ನಮ್ಮ ಕಡೆ ಹೊಲ ಸವಳು ಜವಳು ಆದದ್ದು ಯೂರಿಯಾದಿಂದ ಅಂತ ಮಂದಿ ಅಂತಾರ, ಅದು ನೀರು ಹೆಚ್ಚು ಹಾಸಿ ಆದದ್ದು, ನಿಮ್ಮ ಪುಸ್ತಕದಾಗ ಹ್ಯಾಂಗ ಬರದಾರ ನೋಡು ಅಂತ. ರಾತ್ರಿಯೆಲ್ಲಾ ಅದನ್ನ ತಲಿಯಾಗ ಇಟ್ಕೊಂಡಿದ್ನಂತ.

ಕೇಳಿಸ್ಕೊಂಡು ತಿಳಕೊಳ್ಳೂದು ನಮ್ಮ ಮಂದಿಗೆ ಹೊಸಾದಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾರ ಪ್ರವಚನಕ್ಕ ಅಪ್ಪ ಮುಂಜಾನಿ ನಸಕಿನ್ಯಾಗ ಎದ್ದು ಹೋಗ್ತಿದ್ದ, ಸಾವಿರ ಸಾವಿರ ಮಂದಿ ಕುಂತಿದ್ರೂ ಒಬ್ಬರ ಕೆಮ್ಮು ಕೇಳಿಸ್ತಿತ್ತಂತ. ಸಾವಕಾಶ ಹೇಳೋರು ಅವ್ರು, ಒಂದ ಮಾತು ಹೇಳಿ ಅದು ಇಳಿಯಾಕ ಜಾಗಾ ಬಿಡೋರು. ಅದಕ್ಕ ನಾ ಆಡಿಯೋಬುಕ್ ಎರಡು ಪಟ್ಟು ಸ್ಪೀಡಿನ್ಯಾಗ ಹಚ್ಚೂದಿಲ್ಲ, ಓದೋರು ಓದಿದಷ್ಟ ಸ್ಪೀಡು ಸಾಕು. ಎಲ್ಲಾ ಪುಸ್ತಕ ಕಿವಿಗೆ ಒಗ್ಗೂದಿಲ್ಲ, ಗ್ರಾಫ್ ಟೇಬಲ್ ತುಂಬಿದ್ದನ್ನ ನಾ ಅರ್ಧಕ್ಕ ಬಿಟ್ಟು ಪುಸ್ತಕಾನ ತಂದು ಓದ್ತೀನಿ. ಒಂದು ವಸ್ತು ಹ್ಯಾಂಗ ಹುಟ್ಟಿತು, ಒಂದು ರೋಗ ಹ್ಯಾಂಗ ಹಿಡಿತಕ್ಕ ಬಂತು ಅನ್ನೋವು ಕೇಳಾಕ ಚಲೋ.

ಆಡಿಯೋಬುಕ್ ಅನ್ನೋದರ ಮೂಲಾನೂ ಕಣ್ಣಿಲ್ಲದವ್ರದ್ದ, ಇದು ಗೊತ್ತಾದಾಗ ನನಗ ಮೈ ಝುಂ ಅಂತು. ಮೊದಲ ಮಹಾಯುದ್ಧದಾಗ ಕಣ್ಣು ಕಳಕೊಂಡ ಸಿಪಾಯಿಗಳು ಭಾಳ, ಇಯಾನ್ ಫ್ರೇಸರ್ ಅನ್ನೋ ಕ್ಯಾಪ್ಟನ್ನಿಗೆ 1916ರಾಗ ಸೊಮ್ ಕಾಳಗದಾಗ ಗುಂಡು ಬಿದ್ದು ಕಣ್ಣು ಹೋದ್ವು, ಪುಸ್ತಕಾನ ರೆಕಾರ್ಡ್ ಮಾಡಬೇಕಂತ ವರ್ಷಗಟ್ಟಲೆ ಬೆನ್ನು ಹತ್ತಿದಾವ ಅಂವ. 1935ರಾಗ ಇಂಗ್ಲೆಂಡಿನ ಅಂಧರ ಸಂಸ್ಥೆ ತನ್ನ ಮೊದಲನೇ ಟಾಕಿಂಗ್ ಬುಕ್ ಕಳಿಸಿತು, ಗ್ರಾಮಫೋನ್ ಪ್ಲೇಟಿನ ಒಂದ ಬದಿಗೆ 25 ನಿಮಿಷ, ಒಂದು ಕಾದಂಬರಿಗೆ ಸುಮಾರು ಹತ್ತು ಪ್ಲೇಟು. ಅಪ್ಪಗ ಇದನ್ನ ಹೇಳಿದಾಗ ಆ ಪ್ಲೇಟು ಎಷ್ಟು ಭಾರ ಇರ್ತಿದ್ವು, ಟಪಾಲಿನ್ಯಾಗ ಒಡೀತಿರಲಿಲ್ಲನ ಅಂತ ಕೇಳಿದ.

ಕನ್ನಡದಾಗ ಇಂಥಾವು ಇಲ್ಲೇ ಇಲ್ಲ ಅಂತಲ್ಲ, ಕಾರಂತರು ಒಬ್ಬರ ಕುಂತು ವಿಜ್ಞಾನ ಪ್ರಪಂಚ ಬರದ ಭಾಷಾ ಇದು. ಆದ್ರ ಕಿವಿಗೆ ಸಿಗೂದು ಭಾಳ ಕಡಿಮಿ, ಅದೂ ನಮ್ಮ ಈ ಮಾತಿನ್ಯಾಗಂತೂ ಹುಡಕಿದ್ರೂ ಸಿಗೂದಿಲ್ಲ. ಅಪ್ಪನಂಥ ಎಷ್ಟ ಮಂದಿ ಕಟ್ಟಿ ಮ್ಯಾಲ ಸುಮ್ನ ಕುಂತಾರೋ ಅನ್ಸಿ ಸಂಕಟ ಆಗ್ತೈತಿ. ಅದಕ್ಕ ಈಗ ಇಪ್ಪತ್ತು ನಿಮಿಷದ್ದೊಂದು ಮೊಬೈಲಿನ್ಯಾಗ ರೆಕಾರ್ಡ್ ಮಾಡಿ ಇಡ್ತೀನಿ, ನಾ ಇಲ್ಲದಾಗ ಅಪ್ಪ ಬಟನ್ ಮುಟ್ಟಿ ಗುರ್ತು ಹಿಡದು ಹಚ್ಕೋತಾನ. ಹದಿನೇಳು ಆಗ್ಯಾವು.

ಈ ವಾರ ಹೇಳಾಕತ್ತಿದ್ದು ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ಅಮೆರಿಕಾದ ಕರಿಯ ಹೆಣ್ಣಮಗಳದ್ದು, ತಂಬಾಕಿನ ಹೊಲದಾಗ ದುಡದು ಬೆಳದಾಕಿ, ಐದು ಮಕ್ಕಳ ತಾಯಿ. 1951ರಾಗ ಗರ್ಭಕೋಶದ ಬಾಯಿ ಕ್ಯಾನ್ಸರಿಗೆ ದವಾಖಾನಿಗೆ ಹೋದಾಗ ಆಕಿ ಗಡ್ಡಿಯಿಂದ ತಗದ ಜೀವಕೋಶ ಇವತ್ತಿಗೂ ಲ್ಯಾಬಿನ್ಯಾಗ ಬೆಳೀತಾವು, ಪೋಲಿಯೋ ಲಸಿಕೆ ಪರೀಕ್ಷೆಗೂ ಅವು ಬೇಕಾದ್ವು. ಅವ್ವ ಯಾವಾಗಲೂ ಒಲಿ ಮುಂದಿಂದ ಕೇಳ್ತಿದ್ದಾಕಿ ಅವತ್ತ ಹೊರಗ ಬಂದು ಕುಂತಳು. ಆಕಿ ತವರುಮನಿ ನಿಪ್ಪಾಣಿ ಕಡೆ, ಸಣ್ಣಾಕಿದ್ದಾಗ ತಂಬಾಕಿನ ಕೆಲಸಕ್ಕ ಹೋದಾಕಿ. ತಗೋಳೂಮುಂದ ಆಕಿನ್ನ ಕೇಳಿದ್ರನ ಅಂದಳು. ಇಲ್ಲ ಅಂದೆ. ಮಕ್ಕಳಿಗೆ? ಇಪ್ಪತ್ತ ವರ್ಷ ಆದ ಮ್ಯಾಲ ಗೊತ್ತಾತು ಅಂದೆ. ಅವ್ವ ಎದ್ದು, ಐತವಾರ ನಿಮ್ಮ ಚಿಗವ್ವ ಬರ್ತಾಳ, ಆಕಿನೂ ಕೇಳಲಿ, ಅಲ್ಲೀತನಕ ಮುಂದಿಂದು ಹೇಳಬ್ಯಾಡ ಅಂತ ಒಳಗ ಹೋದಳು. ಹಿಂಗಾಗಿ ಬಸ್ಸಿನ್ಯಾಗ ನಾನೂ ಆ ಪುಸ್ತಕ ಮುಂದ ಕೇಳದನ ಅಲ್ಲೇ ನಿಂದ್ರಿಸೀನಿ.