ವೈಡ್ ಜೂಮ್ ಕೊಂಡರೆ ಮೊದಲು ಮೂಲೆ ನೋಡಿ

ಮಿರರ್‌ಲೆಸ್ ಕ್ಯಾಮೆರಾಕ್ಕೆ 16-35 ಎಂಎಂ ಎಫ್/4 ಥರದ ವೈಡ್ ಜೂಮ್, ಅಂದರೆ ಅಗಲ ನೋಟದ ಲೆನ್ಸ್ ಕೊಂಡವರು ಚಿತ್ರದ ನಡುಭಾಗವನ್ನು ಹಿಗ್ಗಿಸಿ ನೋಡಿ ಸಮಾಧಾನಪಡುತ್ತಾರೆ. ನಡುಭಾಗ ಕೈಕೊಡುವುದು ಅಪರೂಪ. ಲೆನ್ಸಿನ ಬಣ್ಣ ಬಯಲಾಗುವುದು ಮೂಲೆಗಳಲ್ಲಿ, ಅದನ್ನು ವಾಪಸ್ ಕೊಡುವ ಗಡುವು ಮುಗಿಯುವುದರೊಳಗೆ ನೋಡಿಕೊಳ್ಳಬೇಕು.

ಬಳ್ಳಾರಿಯಲ್ಲಿದ್ದರೆ ಕೋಟೆ ಸಾಕು. 80-100 ಮೀಟರ್ ದೂರದಲ್ಲಿ ಕಲ್ಲಿನ ಸಂದು ಸ್ಪಷ್ಟವಾಗಿ ಕಾಣುವ ಒಂದು ಕೊತ್ತಳ ಆರಿಸಿ. ಟ್ರೈಪಾಡ್, 2 ಸೆಕೆಂಡ್ ಟೈಮರ್, ಸ್ಟೆಬಿಲೈಜೇಶನ್ (ಅಲುಗಾಟ ತಡೆ) ಆಫ್, ಐಎಸ್‌ಒ 100, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಕಡತ). 16 ಎಂಎಂ, ಎಫ್/4ರಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕಿನ ಕಿಂಡಿ ಕಿರಿದು) ಕೊತ್ತಳವನ್ನು ನಡುವೆ ಇಟ್ಟು ಫೋಕಸ್ ಮಾಡಿ, ಮ್ಯಾನ್ಯುವಲ್‌ಗೆ ಹಾಕಿ. ಇನ್ನು ಫೋಕಸ್ ರಿಂಗ್ ಮುಟ್ಟದೆ, ಅದೇ ಕೊತ್ತಳ ಒಂದೊಂದು ಮೂಲೆಗೂ ಬರುವಂತೆ ನಾಲ್ಕು ಚಿತ್ರ ತೆಗೆಯಿರಿ. 24 ಮತ್ತು 35ಕ್ಕೆ ಹೊಸದಾಗಿ ಫೋಕಸ್ ಮಾಡಿ ಇದನ್ನೇ ಮಾಡಿ. ಇಟ್ಟಿಗೆ ಗೋಡೆಯೆದುರು ನಿಂತು ತೆಗೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಕೊಂಚ ಓರೆಯಾದರೂ ಒಂದು ಬದಿ ಮಸುಕಾಗುತ್ತದೆ, ದೂರು ಲೆನ್ಸಿನ ಮೇಲೆ ಬರುತ್ತದೆ.

ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ. ಬಂಡೆ ಕಾದ ಮೇಲೆ ಏಳುವ ಜಳಕ್ಕೆ ದೂರದ ಗೆರೆಗಳೆಲ್ಲ ಅಲುಗುತ್ತವೆ, ಹತ್ತರ ಬಿಸಿಲಿನಲ್ಲಿ ಒಳ್ಳೆಯ ಲೆನ್ಸೂ ಮಂಕಾಗಿ ಕಾಣುತ್ತದೆ.

ಮೂರು ಮೂಲೆ ಚೊಕ್ಕವಾಗಿದ್ದು ಒಂದೇ ಮಸುಕಾಗಿದ್ದರೆ ಒಳಗಿನ ಗಾಜು ಕೇಂದ್ರ ತಪ್ಪಿದೆ. ಎಫ್/8ರಲ್ಲೂ ಹಾಗೇ ಇದ್ದರೆ ಯೋಚಿಸಬೇಡಿ, ಬದಲಿಸಿ. ನಾಲ್ಕೂ ಒಂದೇ ಸಮ ಮಸುಕಾಗಿದ್ದರೆ ಮೂಲೆಗೇ ಫೋಕಸ್ ಮಾಡಿ ನೋಡಿ. ಆಗ ಚೊಕ್ಕ ಬಂದರೆ ಫೋಕಸ್ ಆಗುವ ತಲ ಸಪಾಟಾಗಿಲ್ಲ, ಬಾಗಿದೆ ಎಂದರ್ಥ. ಅದು ವಿನ್ಯಾಸದ ಗುಣ, ಎಫ್/8ಕ್ಕೆ ಬಹುಪಾಲು ಸರಿಹೋಗುತ್ತದೆ. ಎಫ್/16 ದಾಟಿಸಬೇಡಿ, ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರವೇ ಮೆದುವಾಗುತ್ತದೆ.

ಕ್ಯಾಮೆರಾ ಕೊಡುವ ಜೆಪೆಗ್ ನಂಬಬೇಡಿ. ಅದರಲ್ಲಿ ಗೆರೆಗಳನ್ನು ಆಗಲೇ ನೆಟ್ಟಗೆ ಮಾಡಿರುತ್ತದೆ. ರಾ ಫೈಲನ್ನು ಡಾರ್ಕ್‌ಟೇಬಲ್ ಎಂಬ ಫೋಟೊ ತಂತ್ರಾಂಶದಲ್ಲಿ ತೆರೆದು ಲೆನ್ಸ್ ಕರೆಕ್ಷನ್ ಆಫ್ ಮಾಡಿ: ಕೆಲವು ಪುಟ್ಟ ಲೆನ್ಸುಗಳಲ್ಲಿ ಗೆರೆಗಳು ಹೊಟ್ಟೆ ಉಬ್ಬಿದಂತಿರುತ್ತವೆ, ಮೂಲೆ ಕಪ್ಪಗಿರುತ್ತದೆ. ಕರೆಕ್ಷನ್ ಇದನ್ನು ಹಿಗ್ಗಿಸಿ ತುಂಬಿದಾಗ ಮೂಲೆಯ ವಿವರ ತೆಳುವಾಗುತ್ತದೆ. 2 ಸ್ಟಾಪ್ (ನಾಲ್ಕು ಪಟ್ಟು) ಕತ್ತಲನ್ನು ಎತ್ತಿದರೆ ಐಎಸ್‌ಒ 400ರ ಚಿತ್ರದ ಮೂಲೆಯಲ್ಲಿ 1600ರ ಕಾಳು (ನಾಯ್ಸ್) ಕಾಣುತ್ತದೆ.

ಸಂಡೂರಿನ ಗಣಿ ರಸ್ತೆಗಳಲ್ಲಿ ಓಡಾಡುವವರು ಜೂಮ್ ಮಾಡಿದಾಗ ಉದ್ದವಾಗದ ಲೆನ್ಸನ್ನೇ ಆರಿಸಿ. ಉದ್ದವಾಗುವ ಕೊಳವೆ ಗಾಳಿಯ ಜೊತೆ ಕೆಂಧೂಳನ್ನೂ ಎಳೆದುಕೊಳ್ಳುತ್ತದೆ. ಗಾಜಿನ ಮೇಲೆ ಅದಿರಿನ ಪುಡಿ ಕೂತಿದ್ದರೆ ಮೊದಲು ಬ್ಲೋವರ್, ಬಟ್ಟೆ ಆಮೇಲೆ.

ಒಂದು ವಿಷಯದಲ್ಲಿ ಮಾತ್ರ ಲೆನ್ಸನ್ನು ಬೈಯಬಾರದು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಅದರ ಮಂಟಪದ ದುಂಡು ಕಂಬಗಳನ್ನು 16 ಎಂಎಂನಲ್ಲಿ ತೆಗೆದರೆ, ಚಿತ್ರದ ಅಂಚಿನಲ್ಲಿರುವ ಕಂಬ ಎತ್ತರಕ್ಕೆ ಹೋಲಿಸಿದರೆ ಸುಮಾರು ಒಂದೂವರೆ ಪಟ್ಟು ದಪ್ಪ ಕಾಣುತ್ತದೆ. ಗೆರೆಗಳನ್ನು ನೆಟ್ಟಗೆ ಇಡುವ ಯಾವ ಲೆನ್ಸಿನಲ್ಲೂ ಇದು ಆಗಿಯೇ ತೀರುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 24ಕ್ಕೆ ತಿರುಗಿಸಿ, ಕ್ಯಾಮೆರಾವನ್ನು ಮಟ್ಟಸ ಇಡಿ.